ನಾಲ್ಕು ವರ್ಷದ ಮಗುವಿಗೆ ಮನೆಯಲ್ಲಿ ಎಂತ ಕಲಿಸುವುದು? ಅಕ್ಷರ ತಿದ್ದಿಸಬೇಕಾ?

ಬದಿಯಡ್ಕದ ಅಮ್ಮ

ಮಗಳಿಗೆ ನಾಲ್ಕು ವರ್ಷ ಎರಡು ತಿಂಗಳು. ಮನೆಯಲ್ಲಿ ತುಳು, ಅಜ್ಜಿಯ ಹತ್ತಿರ ಕನ್ನಡ, ಅಂಗನವಾಡಿಯಲ್ಲಿ ಮಲಯಾಳ. ಮೂರನ್ನೂ ಕಲಸಿ ಮಾತಾಡುತ್ತಾಳೆ. ಮುಂದೆ ಕನ್ನಡ ಮಾಧ್ಯಮಕ್ಕೆ ಸೇರಿಸುವ ಅಂತ ಉಂಟು. ಅ ಆ ಇ ಈ ಬರೆಸಲು ಕೂತರೆ ಎರಡೇ ನಿಮಿಷ, ಪೆನ್ಸಿಲ್ ಬಿಸಾಡಿ ಓಡುತ್ತಾಳೆ. ಹಿಡಿಯುವುದೂ ಮುಷ್ಟಿಯಲ್ಲಿ. ಮೊಬೈಲಿನಲ್ಲಿ ಅಕ್ಷರದ ವಿಡಿಯೋ ಹಾಕಿದರೆ ಮಾತ್ರ ಅಲುಗಾಡದೆ ಕೂರುತ್ತಾಳೆ. ದಿನಕ್ಕೆ ಅರ್ಧ ಗಂಟೆ ಸಿಗುತ್ತದೆ, ಅದನ್ನು ಯಾವುದಕ್ಕೆ ಕೊಡುವುದು? ಮನೆಯಲ್ಲಿ ಒಂದೇ ಭಾಷೆ ಮಾಡಬೇಕಾ?

ಒಂದನೇ ಕ್ಲಾಸಿನ ಟೀಚರ್, ಮುಳ್ಳೇರಿಯ

ಪೆನ್ಸಿಲ್ ಬಿಸಾಡುವುದು ಹಟ ಅಲ್ಲ ಅಕ್ಕ, ಕೈ ಸೋಲುವುದು. ಖಾಲಿ ಹಾಳೆಯಲ್ಲಿ ಒಂದು ವೃತ್ತ, ಒಂದು ಕೂಡಿಸುವ ಚಿಹ್ನೆ, ಒಂದು ಚೌಕ ಬರೆದು ತೋರಿಸಿ, ನೋಡಿ ಬರೆಯಲು ಹೇಳಿ. ಸಾಮಾನ್ಯವಾಗಿ ವೃತ್ತ ಮೂರು ವರ್ಷಕ್ಕೆ, ಕೂಡಿಸುವ ಚಿಹ್ನೆ ನಾಲ್ಕರ ಹೊತ್ತಿಗೆ, ಚೌಕ ನಾಲ್ಕೂವರೆಯ ಆಚೀಚೆ, ತ್ರಿಕೋನ ಐದಕ್ಕೆ ಬರುತ್ತದೆ. ವೃತ್ತದ ತುದಿಗಳು ಕೂಡದಿದ್ದರೆ, ಒಂದು ಗೆರೆ ಇನ್ನೊಂದನ್ನು ದಾಟದಿದ್ದರೆ ಅಕ್ಷರ ಬರೆಸಲೇಬೇಡಿ. ನಮ್ಮ ಅಕ್ಷರಗಳೆಲ್ಲ ಸುತ್ತು, ತಿರುವು. ಪಳಗದ ಕೈಗೆ ಈ, ಋ ಕೊಟ್ಟರೆ ಮಗು ಎಲ್ಲಿಂದಲೋ ಶುರು ಮಾಡಿ ಹೇಗೋ ಮುಗಿಸುತ್ತದೆ. ಅದೇ ರೂಢಿಯಾದರೆ ಒಂದನೇ ಕ್ಲಾಸಿನಲ್ಲಿ ಬಿಡಿಸುವುದು ಬಹಳ ಕಷ್ಟ.

ಮುಷ್ಟಿ ಬಿಡಿಸಲು ಬೆರಳು ಹಿಡಿದು ತಿದ್ದುವುದು ಬೇಡ. ಬಳಪವನ್ನು ಎರಡು ಸೆಂಟಿಮೀಟರಿನಷ್ಟು ತುಂಡು ಮಾಡಿ ಕೊಡಿ. ಅಷ್ಟು ಸಣ್ಣದನ್ನು ಮುಷ್ಟಿಯಲ್ಲಿ ಹಿಡಿದು ಬರೆಯಲು ಆಗುವುದಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು ತಾವಾಗಿ ಸೇರುತ್ತವೆ. ಸ್ಲೇಟನ್ನು ಅವಳ ಎದೆಯ ಎತ್ತರಕ್ಕೆ ಗೋಡೆಗೆ ಒರಗಿಸಿ ಇಡಿ, ನಿಂತು ಗೀಚಲಿ, ಮಣಿಕಟ್ಟಿಗೆ ಬಲ ಬರುತ್ತದೆ. ಅಡುಗೆಮನೆಯಲ್ಲಿ ಚಪಾತಿ ಹಿಟ್ಟು ಚಿವುಟಿ ಗೋಲಿ ಮಾಡುವುದು, ಬಸಳೆ ಸೊಪ್ಪಿನ ಎಲೆ ಬಿಡಿಸುವುದು, ಒಗೆದ ಕರವಸ್ತ್ರ ಹಿಂಡಿ ಕ್ಲಿಪ್ ಹಾಕುವುದು, ಇವೆಲ್ಲ ಬರವಣಿಗೆಯ ತಯಾರಿಯೇ. ದಿನಕ್ಕೆ ಹತ್ತು ನಿಮಿಷ ಸಾಕು.

ಅಕ್ಷರ ಶುರು ಮಾಡುವಾಗಲೂ ಸ್ವರದಿಂದ ಬೇಡ. ಅ ಆ ಇ ಈ ಉ ಐದನ್ನೂ ಕಲಿತ ಮಗು ಅವನ್ನು ಕೂಡಿಸಿ ಒಂದು ಒಳ್ಳೆಯ ಪದ ಓದಲಾರದು. ಕರ್ನಾಟಕದ ಸರಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ ಮೊದಲು ಬರುವುದು ರ ಗ ಸ ದ ಅ. ಇಷ್ಟರಲ್ಲೇ ಸರ, ರಸ, ಅರಸ, ಅಗಸ, ಗರಗಸ ಓದಬಹುದು. ನಂತರದ ಜ ವ ಮ ಬ ನ ಸೇರಿದರೆ ಮರ, ದನ, ಜನ, ಬಸವ. ಓದಲು ಬಂತು ಅಂತ ಗೊತ್ತಾದ ಮಗುವನ್ನು ಕೂರಿಸಲು ಒತ್ತಾಯ ಬೇಕಾಗುವುದಿಲ್ಲ. ಆದರೆ ಇದಕ್ಕೆ ಇನ್ನೂ ಒಂದು ವರ್ಷ ಕಾದರೂ ಏನೂ ನಷ್ಟವಿಲ್ಲ.

ಮಾತು-ಶ್ರವಣ ಚಿಕಿತ್ಸಕಿ, ಮಂಜೇಶ್ವರ

ಭಾಷೆ ಕಲಸುವುದು ಗೊಂದಲವೂ ಅಲ್ಲ, ರೋಗವೂ ಅಲ್ಲ. ಗಡಿಯ ಮಕ್ಕಳೆಲ್ಲ ಹಾಗೆಯೇ ಕಲಿಯುವುದು. ತುಳು ನಿಲ್ಲಿಸಬೇಡಿ. ನಿಮ್ಮ ಬಾಯಿಗೆ ಸಲೀಸಾಗಿ ಬರುವ ಭಾಷೆಯಲ್ಲಿ ಮಾತ್ರ ನೀವು ಮಗುವಿನ ಹತ್ತಿರ ಉದ್ದಕ್ಕೆ ಮಾತಾಡುತ್ತೀರಿ, ಅವಳಿಗೆ ಬೇಕಾದದ್ದು ಆ ಉದ್ದ. ಅಜ್ಜಿ ಕನ್ನಡದಲ್ಲೇ ಮುಂದುವರಿಸಲಿ.

ಗಮನಿಸಬೇಕಾದದ್ದು ಬೇರೆ. ಈ ಪ್ರಾಯಕ್ಕೆ ನಾಲ್ಕೈದು ಪದದ ವಾಕ್ಯ ಬರಬೇಕು, ಇವತ್ತು ನಡೆದದ್ದನ್ನು ಎರಡು ಮೂರು ವಾಕ್ಯದಲ್ಲಿ ಹೇಳಬೇಕು, ಅವಳಾಡಿದ್ದರಲ್ಲಿ ಹೆಚ್ಚಿನದು ಹೊರಗಿನವರಿಗೂ ತಿಳಿಯಬೇಕು. ಮೂರೂ ಭಾಷೆಯ ಪದಗಳನ್ನು ಒಟ್ಟಿಗೆ ಲೆಕ್ಕ ಹಿಡಿಯಿರಿ. ರಕಾರ ಸರಿಯಾಗದಿದ್ದರೆ ಈಗಲೇ ಹೆದರುವುದು ಬೇಡ, ಅದು ತಡವಾಗಿ ಕೂರುವ ವ್ಯಂಜನ. ಆದರೆ ಮಾತೇ ಕಡಿಮೆ ಅನಿಸಿದರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಪದೇ ಪದೇ ಶೀತ ಆಗುವ ಮಕ್ಕಳಿಗೆ ನಡುಗಿವಿಯಲ್ಲಿ ನೀರು ನಿಂತು ಅರ್ಧಂಬರ್ಧ ಕೇಳುವುದುಂಟು, ಮನೆಯವರು ಅದನ್ನು ಉದಾಸೀನ ಅಂತ ತಿಳಿಯುತ್ತಾರೆ. ಕನ್ನಡದಲ್ಲೇ ಪರೀಕ್ಷೆ ಬೇಕೆಂದರೆ ಮೈಸೂರಿನ ಆಯಿಷ್ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಇದೆ.

ಅರ್ಧ ಗಂಟೆಯಲ್ಲಿ ಹದಿನೈದು ನಿಮಿಷ ಪುಸ್ತಕಕ್ಕೆ ಕೊಡಿ. ಒಂದು ವಾರ ಒಂದೇ ಪುಸ್ತಕ. ಪುಟ ತೆರೆದು ಸುಮ್ಮನಿರಿ, ಮನಸ್ಸಿನಲ್ಲಿ ಐದರವರೆಗೆ ಎಣಿಸಿ. ಅವಳು ‘ಪುಚ್ಚೆ’ ಅಂದರೆ ‘ಹೌದು, ಪುಚ್ಚೆ. ಬೆಕ್ಕು ಮಾಡಿನ ಮೇಲೆ ಹತ್ತಿದೆ. ಇಳಿಯುವುದು ಹೇಗೆ?’ ಅನ್ನಿ. ಅವಳ ಪದವನ್ನು ತಿದ್ದದೆ ಅದಕ್ಕೇ ಇನ್ನೊಂದು ವಾಕ್ಯ ಸೇರಿಸುವುದು. ‘ಇದೆಂತ, ಅದೆಂತ’ ಅಂತ ಕೇಳುತ್ತಾ ಹೋದರೆ ಅದು ಪರೀಕ್ಷೆ ಆಗುತ್ತದೆ, ಮಗು ಬಾಯಿ ಮುಚ್ಚುತ್ತದೆ. ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ, ಮಲಯಾಳ ಎರಡರಲ್ಲೂ ಇರುವ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ. ಮೊದಲ ಹಂತದವು ಸಾಕು, ಮುದ್ರಿಸಿ ಹೊಲಿದು ಕೊಡಿ.

ವಿಡಿಯೋ ಎದುರು ಅಲುಗಾಡದೆ ಕೂರುವುದನ್ನು ಕಲಿಕೆ ಅಂತ ಎಣಿಸಬೇಡಿ. ಅದು ಅವಳ ಉತ್ತರಕ್ಕೆ ಕಾಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ ಪ್ರಕಾರ 3–4 ವರ್ಷದವರಿಗೆ ಪರದೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಓಡಾಟ ಕನಿಷ್ಠ 3 ಗಂಟೆ, ಹಗಲು ನಿದ್ದೆಯೂ ಸೇರಿ 10ರಿಂದ 13 ಗಂಟೆ ನಿದ್ದೆ.

ನಿವೃತ್ತ ಅಧ್ಯಾಪಕ, ಕುಂಬಳೆ

ಟೀಚರ್ ಹೇಳಿದ್ದಕ್ಕೆ ಒಂದು ತಿದ್ದುಪಡಿ. ಬರೆಸುವುದಕ್ಕೆ ರ ಗ ಸ ದ ಸರಿ, ಆದರೆ ವರ್ಣಮಾಲೆಯ ಬಾಯಿಪಾಠ ಬಿಡಬಾರದು. ಕ ಚ ಟ ತ ಪ ಅನ್ನುವಾಗ ನಾಲಿಗೆ ಗಂಟಲಿನ ಕಡೆಯಿಂದ ತುಟಿಯ ಕಡೆಗೆ ಸಾಲಾಗಿ ಬರುತ್ತದೆ. ಮಗು ಅದನ್ನು ಆಟವಾಗಿ ಹೇಳಿದರೆ ಕಿವಿಯೂ ನಾಲಿಗೆಯೂ ಪಳಗುತ್ತವೆ. ಜೊತೆಗೆ ಚಪ್ಪಾಳೆ ಆಟ ಆಡಿಸಿ: ಬಾ-ಳೆಗೆ ಎರಡು, ಅ-ಡಿ-ಕೆಗೆ ಮೂರು, ತೆಂ-ಗಿ-ನ-ಕಾ-ಯಿಗೆ ಐದು. ಅದು ಬಂದ ಮೇಲೆ ಕೊನೆಯ ಅಕ್ಷರ ಹಿಡಿದು ಪದ: ಅಡಿಕೆ, ಕೆರೆ, ರೆಕ್ಕೆ.

ಲೆಕ್ಕಕ್ಕೆ ಅಟ್ಟದಲ್ಲಿರುವ ಚೆನ್ನೆಮಣೆ ಇಳಿಸಿ. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಬೀಜ. ಪೂರ್ತಿ ಆಟ ಈಗ ಬೇಡ, ಒಂದು ಗುಳಿಯ ಬೀಜ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದೇ ಹಾಕಿಸಿ. ಬಾಯಲ್ಲಿ ನೂರರವರೆಗೆ ಒದರುವ ಮಕ್ಕಳು ಎಂಟು ಬೀಜ ಎಣಿಸುವಾಗ ಒಂದನ್ನೇ ಎರಡು ಸಲ ಮುಟ್ಟುತ್ತಾರೆ. ಬೆರಳೂ ಎಣಿಕೆಯೂ ಒಟ್ಟಿಗೆ ಹೋಗಬೇಕು, ಅದನ್ನು ಈ ಮಣೆ ಕಲಿಸುತ್ತದೆ. ದೊಡ್ಡವರು ಹತ್ತಿರ ಇರಲೇಬೇಕು. ಮಣೆಗೆ ಹಾಕುವ ಮಂಜೊಟ್ಟಿ ಬೀಜ ಮೂಗಿಗೂ ಕಿವಿಗೂ ಸಲೀಸಾಗಿ ಹೋಗುತ್ತದೆ. ಮನೆಯಲ್ಲಿ ಮೂರು ವರ್ಷದೊಳಗಿನ ಮಗು ಇದ್ದರೆ ತೆಗೆಯಲೇಬೇಡಿ.

ಬದಿಯಡ್ಕದ ಅಮ್ಮ

ಎಲ್ಲರಿಗೂ ತುಂಬಾ ಉಪಕಾರ. ಬಳಪ ಕೊಡಬಹುದು, ಆದರೆ ಅವಳು ಅದನ್ನು ತಿನ್ನುತ್ತಾಳೆ. ಗೋಡೆಯ ಸುಣ್ಣವನ್ನೂ ಕೆರೆಯುತ್ತಾಳೆ.

ನರ್ಸ್, ಕುಟುಂಬ ಆರೋಗ್ಯ ಕೇಂದ್ರ

ಹಾಗಾದರೆ ಅಕ್ಷರಕ್ಕಿಂತ ಮೊದಲು ರಕ್ತ ಪರೀಕ್ಷೆ ಮಾಡಿಸಿ. ಮಣ್ಣು, ಸುಣ್ಣ, ಬಳಪ ತಿನ್ನುವ ಮಕ್ಕಳಲ್ಲಿ ಕಬ್ಬಿಣದ ಕೊರತೆ ಇರುವುದು ಸಾಮಾನ್ಯ. ಈ ಪ್ರಾಯಕ್ಕೆ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಕೊರತೆ ಇದ್ದರೆ ಬೇಗ ಸುಸ್ತು, ಕಿರಿಕಿರಿ, ಒಂದು ಕಡೆ ಕೂರದಿರುವುದು ಕೂಡ ಕಾಣುತ್ತದೆ. ಕಬ್ಬಿಣದ ಸಿರಪ್ ಎಷ್ಟು, ಎಷ್ಟು ದಿನ ಅಂತ ಡಾಕ್ಟರೇ ಹೇಳಬೇಕು, ಅಂಗಡಿಯಿಂದ ತಂದು ಕುಡಿಸಬೇಡಿ. ಹುಳದ ಮಾತ್ರೆ ಕೊನೆಗೆ ಯಾವಾಗ ಕೊಟ್ಟದ್ದು ಅಂತ ಅಂಗನವಾಡಿಯಲ್ಲಿ ಕೇಳಿಕೊಂಡು ಹೋಗಿ. ಊಟದ ಹೊತ್ತಿಗೆ ಚಹಾ ಕೊಡುವ ಕ್ರಮ ಇದ್ದರೆ ನಿಲ್ಲಿಸಿ, ಊಟದ ಕಬ್ಬಿಣ ಮೈಗೆ ಹತ್ತದ ಹಾಗೆ ಅದು ತಡೆಯುತ್ತದೆ. ಹರಿವೆ ಪಲ್ಯಕ್ಕೆ ಲಿಂಬೆ ಹಿಂಡಿ ಕೊಡಿ. ಅಲ್ಲಿಯವರೆಗೆ ಬಳಪದ ಬದಲು ಮೇಣದ ಬಣ್ಣದ ಕಡ್ಡಿಯನ್ನು ತುಂಡು ಮಾಡಿ ಕೊಟ್ಟು ಎದುರಿಗೇ ಕೂತಿರಿ.