‘ಸೆಳೆತ’ವೋ ‘ಮುದುಡಿಕೆ’ಯೋ: ಮೆದುಳಿನ ರಕ್ತನಾಳಕ್ಕೆ ಸಂಬಂಧಿಸಿದ ಒಂದು ಪದ

ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಮೆದುಳಿನ ರಕ್ತಸ್ರಾವದ ರೋಗಿಗಳ ಮನೆಯವರಿಗೆ ಕೊಡುವ ತಿಳಿವಳಿಕೆ ಪತ್ರವನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಅದರಲ್ಲಿ ಬರುವ ‘ವ್ಯಾಸೋಸ್ಪ್ಯಾಸಂ’ (ರಕ್ತನಾಳಗಳು ಕೆರಳಿ ಕಿರಿದಾಗುವುದು) ಎಂಬುದಕ್ಕೆ ತಕ್ಕ ಪದ ಸಿಗದೆ ಬಲ್ಲವರನ್ನು ಕೇಳುತ್ತಿದ್ದೇನೆ.

ಒಡೆದು ಈ ರಕ್ತಸ್ರಾವಕ್ಕೆ ಕಾರಣವಾಗುವ ‘ಅನ್ಯೂರಿಸಂ’ಗೆ ಪದ ಹುಡುಕುವುದು ಅಷ್ಟು ಕಾಡಲಿಲ್ಲ. ‘ಗುಳ್ಳೆ’ ಎಂದರೆ ಚರ್ಮದ ಮೇಲೇಳುವುದು ನೆನಪಾಗುತ್ತದೆ, ‘ಗಡ್ಡೆ’ ಎಂದರೆ ಕ್ಯಾನ್ಸರಿನ ಭಯ. ಆದ್ದರಿಂದ ‘ರಕ್ತನಾಳದ ಉಬ್ಬು’ ಎಂದು ಬರೆದು, ಸವೆದ ಕಡೆ ಉಬ್ಬುವ ಸೈಕಲ್ ಟ್ಯೂಬಿನ ಹೋಲಿಕೆ ಕೊಟ್ಟಿದ್ದೇನೆ. (ಮಾತಿನಲ್ಲಿ ಎಲ್ಲರೂ ‘ತಲೆಯ ನರ ಒಡೆದಿದೆ’ ಎನ್ನುತ್ತಾರೆ, ಬರಹದಲ್ಲೂ ಅದನ್ನೇ ಒಪ್ಪಿದರೆ ನಿಜವಾದ ನರಕ್ಕೆ ಪದವೇ ಉಳಿಯುವುದಿಲ್ಲ.)

ಒಡೆದ ಉಬ್ಬಿನಿಂದ ಮತ್ತೆ ರಕ್ತ ಸೋರುವ ಅಪಾಯ ಮೊದಲ 24 ಗಂಟೆಗಳಲ್ಲಿ ಅತಿ ಹೆಚ್ಚಾದ್ದರಿಂದ, ಆದಷ್ಟು ಬೇಗ ಅದರ ಬುಡಕ್ಕೆ ಕ್ಲಿಪ್ ಹಾಕುತ್ತಾರೆ, ಇಲ್ಲವೇ ತೊಡೆಸಂದಿನ ರಕ್ತನಾಳದ ಮೂಲಕ ಒಯ್ದ ಪ್ಲಾಟಿನಂ ಸುರುಳಿಗಳಿಂದ ಅದನ್ನು ಒಳಗಿನಿಂದ ತುಂಬುತ್ತಾರೆ. ಗಂಡಾಂತರ ಕಳೆಯಿತೆಂದು ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೆ, ಸುಮಾರು 4ರಿಂದ 14ನೆಯ ದಿನದ ನಡುವೆ, ಹೊರಚೆಲ್ಲಿದ ರಕ್ತದಿಂದ ಕೆರಳಿದ ನಾಳಗಳು ಕಿರಿದಾಗಿ, ಮೆದುಳಿಗೆ ರಕ್ತ ಸಾಲದೆ, ಮಾತು ತೊದಲಬಹುದು ಅಥವಾ ಕೈಕಾಲಿನ ಸ್ವಾಧೀನ ತಪ್ಪಬಹುದು. 21 ದಿನಗಳ ಕಾಲ, ನಡುರಾತ್ರಿಯಲ್ಲೂ ಎಬ್ಬಿಸಿ, 4 ಗಂಟೆಗೊಮ್ಮೆ ನಿಮೊಡಿಪಿನ್ ಮಾತ್ರೆ ಕೊಡುವುದು ಈ ಹಾನಿಯನ್ನು ತಗ್ಗಿಸುವುದಕ್ಕಾಗಿಯೇ.

ಈ ಸ್ಥಿತಿಯನ್ನು ‘ರಕ್ತನಾಳದ ಸೆಳೆತ’ ಎನ್ನಲು ನನಗೆ ಅಳುಕು. ಸೆಳೆತವೆಂದರೆ ಓದುಗರಿಗೆ ಫಿಟ್ಸ್. ಅದೂ ಇದೇ ಕಾಯಿಲೆಯ ತೊಡಕುಗಳಲ್ಲಿ ಒಂದು. ಮೈ ಅದುರುವುದನ್ನೇ ಎದುರುನೋಡುತ್ತಾ ಕುಳಿತವರು ತೊದಲಿದ ಮಾತನ್ನು ಲೆಕ್ಕಕ್ಕಿಡದೆ ಹೋಗಬಹುದು. ‘ಬಿಗಿತ’ ಎನ್ನೋಣವೆಂದರೆ, ಕತ್ತಿನ ಬಿಗಿತವು ರೋಗಲಕ್ಷಣವಾಗಿ ಅದೇ ಪುಟದ ಮೇಲ್ಭಾಗದಲ್ಲಿ ಆಗಲೇ ಕುಳಿತಿದೆ. ‘ಸಂಕೋಚನ’ ಶಾಸ್ತ್ರಕ್ಕೆ ಸರಿಯಾದರೂ ಓದಿ ಹೇಳಿದಾಗ ಕಿವಿಗೆ ಬೀಳುವುದು ‘ಸಂಕೋಚ’.

ನನ್ನ ಒಲವು ‘ಮುದುಡಿಕೆ’ಯ ಕಡೆಗಿದೆ. ಚಳಿಗೆ ಮುದುಡಿದ ಮೈ ಮತ್ತೆ ಬಿಚ್ಚಿಕೊಳ್ಳುವಂತೆ ಈ ನಾಳಗಳೂ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಸಡಿಲಗೊಳ್ಳುತ್ತವೆ. ಕೊಬ್ಬು ಕಟ್ಟಿ ಕಿರಿದಾದ ನಾಳಕ್ಕೂ ಇದಕ್ಕೂ ಇರುವ ಭೇದ ಆ ಪದದಲ್ಲೇ ಹೊಳೆಯುತ್ತದೆ. ಆದರೆ ಕೊಳವೆಯಂಥ ವಸ್ತುವಿಗೆ ‘ಮುದುಡು’ ಎನ್ನುವ ಬಳಕೆ ಎಲ್ಲಾದರೂ ಇದೆಯೇ? ಕಲಬುರಗಿ, ರಾಯಚೂರು ಕಡೆಯ ಮಾತಿನಲ್ಲಿ ಇದಕ್ಕಿಂತ ಹೊಂದುವ ಪದವಿದ್ದರೆ ತಿಳಿದವರು ದಯವಿಟ್ಟು ತಿಳಿಸಬೇಕು.