ಅಪಘಾತದಲ್ಲಿ ಬಿದ್ದವರನ್ನು ಎತ್ತಿದರೆ ಕೇಸು ನಮ್ಮ ಮೇಲೆ ಬರುತ್ತದಾ? ವಕೀಲರ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮಂಗಳೂರಿನಲ್ಲಿ ಅಪಘಾತದ ಕೇಸುಗಳನ್ನು ನಡೆಸುವ ವಕೀಲೆ ಮೇಡಂ ಇವತ್ತು ಉತ್ತರ ಕೊಡುತ್ತಾರೆ. ನಿಮ್ಮ ಹೆಸರು ಬೇಡ, ಊರು ಸಾಕು.

ಸುರತ್ಕಲ್: ಮೇಡಂ, ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದರೆ ಆಮೇಲೆ ಸ್ಟೇಷನ್‌ಗೆ ಅಲೆಯಬೇಕಾ?

ವಕೀಲೆ: ಬೇಡ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟ್ ಇದರ ಮಾರ್ಗಸೂಚಿಯನ್ನು ಕಡ್ಡಾಯ ಮಾಡಿತು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೆಕ್ಷನ್ 134ಎ ಸೇರಿತು, 2020ರಲ್ಲಿ ನಿಯಮ ಬಂತು. ಹೆಸರು, ವಿಳಾಸ ಕೊಡುವುದು ನಿಮ್ಮ ಇಷ್ಟ. ಸಾಕ್ಷಿ ಹೇಳುವುದೂ ನಿಮ್ಮ ಇಷ್ಟ. ಗಾಯಾಳುವಿನ ಖರ್ಚನ್ನು ನಿಮ್ಮಿಂದ ಕಟ್ಟಿಸಿಕೊಳ್ಳುವಂತಿಲ್ಲ.

ಕಟಪಾಡಿ: ಸರ್ಕಾರದಿಂದ ದುಡ್ಡು ಸಿಗುತ್ತದಂತೆ, ಹೌದಾ?

ವಕೀಲೆ: ಹೌದು. ಮೊದಲು 5,000 ಇತ್ತು, 2025ರಲ್ಲಿ 25,000 ರೂಪಾಯಿ ಆಗಿದೆ. ಗಂಭೀರ ಗಾಯವಾದವರನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿರಬೇಕು.

ಮೂಲ್ಕಿ: ಫಾರ್ವರ್ಡ್ ಬಂದದ್ದು: "ಈ ಮೆಸೇಜ್ ತೋರಿಸಿದರೆ ಯಾವ ಪೊಲೀಸರೂ ಪ್ರಶ್ನೆ ಕೇಳುವಂತಿಲ್ಲ. ಪ್ರಜ್ಞೆ ತಪ್ಪಿದವರ ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆದು, ನೀರು ಕುಡಿಸಿ." ಎಲ್ಲರೂ ಸೇವ್ ಮಾಡಿಟ್ಟುಕೊಳ್ಳಿ.

ವಕೀಲೆ: ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹೊಯ್ದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. 112ಕ್ಕೋ 108ಕ್ಕೋ ಫೋನ್ ಮಾಡಿ. ಫೋನಿನಲ್ಲಿರುವ ಮೆಸೇಜು ಕಾನೂನಲ್ಲ.

ಕಾಪು: ಮೇಡಂ, ನನ್ನದು ಸ್ವಲ್ಪ ಉದ್ದ ಉಂಟು. ಮಂಗಳೂರಿನಿಂದ ಕಾರಲ್ಲಿ ಬರುತ್ತಿದ್ದೆ. ರಾತ್ರಿ, ಮಳೆ. ಪಡುಬಿದ್ರಿ ಹತ್ತಿರ ಹೈವೇಯಲ್ಲಿ ಬೈಕಿನ ಹುಡುಗ ಬಿದ್ದಿದ್ದ. ಒಬ್ಬರು ರಿಕ್ಷಾದವರು ಮೊದಲೇ ನಿಂತಿದ್ದರು. ಆಂಬುಲೆನ್ಸ್ ಬರಲಿಲ್ಲ, ನನ್ನ ಕಾರಿನಲ್ಲೇ ಹಾಕಿಕೊಂಡು ಆಸ್ಪತ್ರೆಗೆ ಹೋದೆ. ಅಲ್ಲಿ "ಕರೆತಂದವರು" ಅಂತ ಸಹಿ ಹಾಕಿದೆ. ಈಗ ನೋಡಿದರೆ ಎಂಎಲ್‌ಸಿಯಲ್ಲಿ (ಪೊಲೀಸ್ ಕೇಸಿಗಾಗಿ ಆಸ್ಪತ್ರೆಯವರು ಬರೆಯುವ ದಾಖಲೆ) "ಕಾರು ಡಿಕ್ಕಿ" ಅಂತ ಬರೆದಿದ್ದಾರೆ. ಹುಡುಗನಿಗೆ ಇನ್ನೂ ಪ್ರಜ್ಞೆ ಬಂದಿಲ್ಲ. ಮನೆಯವರು ಫೋನ್ ಮಾಡಿ, "ನೀವೇ ಗುದ್ದಿದ್ದು, ಅಲ್ಲದಿದ್ದರೆ ಗುದ್ದಿದ ಕಾರಿನ ನಂಬರ್ ಹೇಳಿ" ಅನ್ನುತ್ತಾರೆ. ಸ್ಟೇಷನ್‌ನಿಂದ ನೋಟಿಸ್ ಬಂದಿದೆ. ಮಂಡೆ ಬಿಸಿಯಾಗಿದೆ.

ವಕೀಲೆ: ಇದನ್ನು ಸಾವಕಾಶವಾಗಿ ಓದಿ. 134ಎ ಸಹಾಯಕ್ಕೆ ಬಂದವರನ್ನು ಕಾಪಾಡುತ್ತದೆ, ಗುದ್ದಿದವರನ್ನಲ್ಲ. ಹಾಗಾಗಿ ನೀವು ಆಮೇಲೆ ಬಂದವರು ಅಂತ ತೋರಿಸುವುದೇ ಈಗಿನ ಕೆಲಸ.

ಮೊದಲು ನೋಟಿಸಿನಲ್ಲಿ ಯಾವ ಸೆಕ್ಷನ್ ಉಂಟು ನೋಡಿ. ಬಿಎನ್‌ಎಸ್‌ಎಸ್ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಕಾನೂನು) 179 ಅಂದರೆ ಸಾಕ್ಷಿಯಾಗಿ ಕರೆದದ್ದು. 35(3) ಅಂದರೆ ನಿಮ್ಮ ಮೇಲೆ ಅನುಮಾನ ಉಂಟು. ಮೋಟಾರು ವಾಹನ ಕಾಯ್ದೆಯ 133 ಅಂದರೆ ಕಾರಿನ ಮಾಲೀಕರಿಂದ ಚಾಲಕನ ವಿವರ ಕೇಳಿದ್ದು. ಯಾವುದೇ ಇರಲಿ, ಹೋಗದೆ ಕೂರಬೇಡಿ. ವಕೀಲರನ್ನು ಜೊತೆಗೆ ಕರೆದುಕೊಂಡು ಹೋಗಿ. ವಿಚಾರಣೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ನೀವು ಸಹಿ ಹಾಕಬೇಕಾಗಿಲ್ಲ. ಖಾಲಿ ಹಾಳೆಗಂತೂ ಬೇಡವೇ ಬೇಡ.

ಎರಡನೆಯದು, ಕಾರು ಹೇಗಿದೆಯೋ ಹಾಗೇ ಇರಲಿ. ಬಂಪರಿನಲ್ಲಿ ಹಳೆಯ ಗೀರು ಇದ್ದರೂ ಪೇಂಟ್ ಮಾಡಿಸಬೇಡಿ. ಮೋಟಾರು ವಾಹನ ನಿರೀಕ್ಷಕರು ಬೈಕನ್ನೂ ಕಾರನ್ನೂ ನೋಡಿ ವರದಿ ಕೊಡುತ್ತಾರೆ. ಈಗ ರಿಪೇರಿ ಮಾಡಿಸಿದರೆ ಅನುಮಾನ ನೀವೇ ಕೊಟ್ಟ ಹಾಗಾಗುತ್ತದೆ.

ಮೂರನೆಯದು ಸಮಯ. ಮಂಗಳೂರಿನಿಂದ ಬಂದಿದ್ದರೆ ಪಡುಬಿದ್ರಿಗಿಂತ ಮೊದಲು ಸಿಗುವ ಹೆಜಮಾಡಿ ಟೋಲ್ ದಾಟಿರುತ್ತೀರಿ. ಫಾಸ್ಟ್ಯಾಗ್ ಮೆಸೇಜ್ ತಡವಾಗಿ ಬರುವುದುಂಟು, ಸ್ಟೇಟ್‌ಮೆಂಟ್ ತೆಗೆದು ಟೋಲ್ ದಾಟಿದ ಸಮಯ ನೋಡಿ. ಆ ರಿಕ್ಷಾದವರನ್ನು ಹುಡುಕಿ. ನೀವು ಟೋಲ್ ದಾಟುವ ಮೊದಲೇ ಅವರು 108ಕ್ಕೆ ಫೋನ್ ಮಾಡಿದ್ದರೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಹತ್ತಿರದ ಪೆಟ್ರೋಲ್ ಬಂಕ್, ಅಂಗಡಿಗಳ ಸಿಸಿಟಿವಿ ಉಳಿಸಿಡಲು ಪೊಲೀಸರಿಗೆ ಇವತ್ತೇ ಬರೆದು ಕೊಡಿ. ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗುತ್ತಾ ಹೋಗುತ್ತದೆ, ಕಾಯುವುದಿಲ್ಲ.

ಕೊನೆಯದು ಮನೆಯವರ ಫೋನು. ಸ್ಕಿಡ್ ಆಗಿ ತಾನೇ ಬಿದ್ದರೆ ಬೇರೆ ವಾಹನದ ಇನ್ಶೂರೆನ್ಸಿನಿಂದ ಪರಿಹಾರ ಕೇಳಲಾಗದು, ಕಾರು ಗುದ್ದಿದರೆ ಕೇಳಬಹುದು. ಎಂಎಲ್‌ಸಿಯ ಆ ಒಂದು ಸಾಲಿಗೆ ಅಷ್ಟು ಬೆಲೆ. ಅವರ ಸಂಕಟ ದೊಡ್ಡದು, ನಿಜ. ಆದರೆ ನೋಡದ ನಂಬರನ್ನು ಹೇಳಬೇಡಿ. ಅದು ಸುಳ್ಳು ಸಾಕ್ಷಿ, 134ಎ ನಿಮ್ಮ ಸಹಾಯಕ್ಕೆ ಬರುವುದಿಲ್ಲ. ಮತ್ತೆ ಎಲ್ಲರಿಗೂ ಒಂದು ಮಾತು: ಆಸ್ಪತ್ರೆಯಲ್ಲಿ ಹೇಗಾಯಿತು ಅಂತ ಕೇಳಿದರೆ "ನಾನು ನೋಡಿಲ್ಲ, ಬಿದ್ದಿದ್ದರು, ಕರೆತಂದೆ" ಅನ್ನಿ. ಅವರು ಏನು ಬರೆದರು ಅಂತ ಓದಿಸಿಕೊಂಡು ಆಮೇಲೆ ಸಹಿ ಹಾಕಿ.

ಮಲ್ಪೆ: ನೀರಿನಿಂದ ಎಳೆದು ಎದೆ ಒತ್ತುವಾಗ ಪಕ್ಕೆಲುಬು ಮುರಿದರೆ?

ವಕೀಲೆ: ಪ್ರಜ್ಞೆ ಇಲ್ಲದವರ ಒಳ್ಳೆಯದಕ್ಕೇ ಪ್ರಾಮಾಣಿಕವಾಗಿ ಮಾಡಿದ್ದು ಅಪರಾಧ ಅಲ್ಲ. ಬಿಎನ್‌ಎಸ್ (ಹಳೆಯ ಐಪಿಸಿಯ ಜಾಗಕ್ಕೆ ಬಂದ ಕಾನೂನು) ಸೆಕ್ಷನ್ 30.

ಪಡೀಲ್: ಸ್ಟೇಷನ್‌ಗೆ ಅಲೆಯಬೇಕಾ ಮೇಡಂ?

ವಕೀಲೆ: ಮೇಲೆ ಉತ್ತರ ಉಂಟು.

ಮಣಿಪಾಲ: ನಾನು ನರ್ಸ್. ಡ್ಯೂಟಿ ಮುಗಿಸಿ ಹೋಗುವಾಗ ದಾರಿಯಲ್ಲಿ ಸಹಾಯ ಮಾಡಿದರೆ ನನಗೂ ಇದೇ ರಕ್ಷಣೆಯಾ, ಅಥವಾ ಹೊಣೆ ಜಾಸ್ತಿಯಾ?

ಕುಂದಾಪುರ: ಇದೆಲ್ಲ ಸರಿ. ಎಕ್ಸ್‌ಪ್ರೆಸ್ ಬಸ್ಸಿನವರು ಹಾಗೆ ಓಡಿಸುವುದನ್ನು ನಿಲ್ಲಿಸಿದರೆ ಯಾರನ್ನೂ ಎತ್ತುವ ಕೆಲಸವೇ ಇರುವುದಿಲ್ಲ.

ಹಳೆಯಂಗಡಿ: ನಾನು ಬಸ್ಸಿನ ಕಂಡಕ್ಟರ್. ಟೈಮಿಂಗ್ ತಪ್ಪಿದರೆ ಹಿಂದಿನ ಬಸ್ಸಿನವನ ಹತ್ತಿರ ಬೈಗುಳ ತಿನ್ನುವವರು ನಾವು. ಬೈಕಿನವರು ರಾಂಗ್ ಸೈಡಿನಲ್ಲಿ ಬರುವುದು ನಿಮಗೆ ಕಾಣುವುದಿಲ್ಲ ಅಲ್ವಾ?

ಕುಂದಾಪುರ: ಟೈಮಿಂಗ್ ಅಂತ ಜೀವ ತೆಗೆಯುವುದಾ ಮಾರಾಯ್ರೆ?

ಹಳೆಯಂಗಡಿ: ಎಷ್ಟೋ ಗಾಯಾಳುಗಳನ್ನು ನಮ್ಮ ಬಸ್ಸಿನಲ್ಲೇ ಸಾಗಿಸಿದ್ದೇವೆ. ನೀವು ನಿಂತು ವಿಡಿಯೊ ಮಾಡುವವರು. ಮಾತಾಡಬೇಡಿ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಮೂಲ್ಕಿ: ಮೇಡಂ, ಸೂಜಿಯದ್ದು ಡಾಕ್ಟರೇ ಕಳಿಸಿದ್ದಂತೆ. ನೀವು ವಕೀಲರು, ನಿಮಗೆ ಹೇಗೆ ಗೊತ್ತು?

ವಕೀಲೆ: ಯಾವ ಡಾಕ್ಟರು? ಅವರ ಹತ್ತಿರ ಬರೆಸಿ ಸಹಿ ಹಾಕಿಸಿ ತನ್ನಿ, ಆಮೇಲೆ ಮಾತಾಡೋಣ. ಅಲ್ಲಿವರೆಗೆ ಆ ಮೆಸೇಜ್ ಅಳಿಸಿ.

ಬಿ.ಸಿ. ರೋಡ್: ಹೆಸರು ಕೊಡಲೇಬೇಕಾ?

ವಕೀಲೆ: ಬೇಡ. ಬೇಡ ಅಂತ ಆಗಲೇ ಬರೆದಿದ್ದೇನೆ.

ಮಣಿಪಾಲ: ನನ್ನ ಪ್ರಶ್ನೆ ಮೇಲೆ ಹೋಯಿತು.

ಕುಂದಾಪುರ: ನಾನು ಯಾವತ್ತೂ ವಿಡಿಯೊ ಮಾಡಿದವನಲ್ಲ. ಅದನ್ನು ವಾಪಸ್ ತೆಗೆದುಕೊಳ್ಳಿ.

ಕಾಪು: ಮೇಡಂ, ರಿಕ್ಷಾದವರು ಸಿಕ್ಕಿದರು. ಅವರ ಫೋನಿನಲ್ಲಿ 108ಕ್ಕೆ ಮಾಡಿದ ಕರೆ 9:38. ನಾನು ಟೋಲ್ ದಾಟಿದ್ದು ಸ್ಟೇಟ್‌ಮೆಂಟಿನಲ್ಲಿ 9:42. ನೋಟಿಸಿನಲ್ಲಿ 133 ಅಂತ ಉಂಟು.

ವಕೀಲೆ: ಒಳ್ಳೆಯದಾಯಿತು. ಅವರ ಕಾಲ್ ಲಾಗ್ ಅಳಿಸದ ಹಾಗೆ ಹೇಳಿ, ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಅವರು ಸಾಕ್ಷಿ ಹೇಳಲು ಒಪ್ಪುತ್ತಾರಾ ಕೇಳಿ, ಒತ್ತಾಯ ಮಾಡಬೇಡಿ. ನೋಟಿಸಿಗೆ ಉತ್ತರ ಬರೆದೇ ಕೊಡಬೇಕು. ಅದರ ಫೋಟೊವನ್ನು ಗುಂಪಿಗೆ ಹಾಕದೆ ನನಗೆ ಮಾತ್ರ ಕಳಿಸಿ, ಇವತ್ತು ರಾತ್ರಿಯೇ ಬರೆಯೋಣ.