ಮಕ್ಕಳನ್ನು ಬೆಳೆಸೋದನ್ನೂ ಕ್ಲಾಸಿಗೆ ಹೋಗಿ ಕಲಿಯಬೇಕಾ?

ನಿದ್ದೆಗೆಟ್ಟ ಅಮ್ಮ
ನಮ್ಮ ಬಡಾವಣೆಯಲ್ಲಿ ಅಪ್ಪ ಅಮ್ಮಂದಿರಿಗೆ ಅಂತ ಒಂದು ಕ್ಲಾಸ್ ಶುರುವಾಗುತ್ತಿದೆ. ವಾರಕ್ಕೊಮ್ಮೆ, ಎರಡು ಗಂಟೆ. ಸೇರಬೇಕೋ ಬೇಡವೋ ಗೊತ್ತಾಗುತ್ತಿಲ್ಲ. ಮಗನಿಗೆ ಏಳು ವರ್ಷ. ಹೋಮ್‌ವರ್ಕ್ ಅಂದರೆ ಸಾಕು, ಜಗಳ. ನಾನು ಮೆತ್ತಗೆ ಹೇಳುತ್ತೇನೆ, ಕೇಳಲ್ಲ, ಮತ್ತೆ ಹೇಳುತ್ತೇನೆ, ಆಮೇಲೆ ಕಿರುಚುತ್ತೇನೆ, ಅವನು ನನಗಿಂತ ಜೋರಾಗಿ ಕಿರುಚುತ್ತಾನೆ, ಕೊನೆಗೆ "ಏನಾದ್ರೂ ಮಾಡ್ಕೋ ಹೋಗು" ಅಂತ ನಾನೇ ಎದ್ದು ಹೋಗುತ್ತೇನೆ. ನಮ್ಮ ಯಜಮಾನರು "ನಮ್ಮಪ್ಪ ಅಮ್ಮ ಯಾವ ಕ್ಲಾಸಿಗೆ ಹೋಗಿದ್ರು?" ಅಂತಾರೆ. ಅತ್ತೆ ಏನೂ ಅನ್ನಲ್ಲ, ಮುಖ ನೋಡಿದರೆ ಗೊತ್ತಾಗುತ್ತದೆ. ಇದರಿಂದ ನಿಜವಾಗಿ ಏನಾದರೂ ಬದಲಾಗುತ್ತಾ, ಇಲ್ಲಾ ಸುಮ್ನೆ ಭಾಷಣ ಕೇಳಿ ಬರೋದಾ?

ಗುಂಪು ನಡೆಸುವವಳು
ಬರೀ ಭಾಷಣ ಆದರೆ ಹೋಗಬೇಡಿ. ಸೇರುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: "ಅಲ್ಲೇ ನಮ್ಮ ಕೈಲಿ ಅಭ್ಯಾಸ ಮಾಡಿಸ್ತೀರಾ?" 2008ರಲ್ಲಿ ಅಮೆರಿಕದ ಸಂಶೋಧಕಿ ಜೆನಿಫರ್ ಕಮಿನ್ಸ್ಕಿ ಮತ್ತು ಜೊತೆಯವರು ಇಂಥ ಕಾರ್ಯಕ್ರಮಗಳ ಮೇಲಿನ 77 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅಪ್ಪ ಅಮ್ಮ ಕ್ಲಾಸಿನಲ್ಲೇ ತಮ್ಮ ಮಗುವಿನ ಜೊತೆ ಅಭ್ಯಾಸ ಮಾಡುವ ಕಡೆ ಪರಿಣಾಮ ಜಾಸ್ತಿ ಕಂಡಿತು.

ನೀವು ಹೇಳಿದ ಜಗಳ ಇದೆಯಲ್ಲ, ಅದನ್ನು ಅಮೆರಿಕದ ಆರೆಗಾನ್ ರಾಜ್ಯದ ಜೆರಾಲ್ಡ್ ಪ್ಯಾಟರ್ಸನ್ ಅನ್ನುವ ಮನಶ್ಶಾಸ್ತ್ರಜ್ಞರು ಮನೆಮನೆಗೆ ಹೋಗಿ ಕೂತು ಗಮನಿಸಿ ಬರೆದಿದ್ದಾರೆ. ನೀವು ಎದ್ದು ಹೋದಾಗ ಅವನಿಗೆ ಹೋಮ್‌ವರ್ಕ್ ತಪ್ಪಿತು. ಕಿರುಚಿದರೆ ಕೆಲಸ ಆಗುತ್ತೆ ಅಂತ ಕಲಿತ. ಇನ್ನೊಂದು ದಿನ ನೀವು ಕಿರುಚಿದಾಗ ಅವನು ಸುಮ್ಮನಾದ ಅಂದುಕೊಳ್ಳಿ, ಅದೇ ಪಾಠ ನಿಮಗೂ ಆಯಿತು. ಇಬ್ಬರೂ ಒಬ್ಬರಿಗೊಬ್ಬರು ಮೇಷ್ಟ್ರು!

ಕ್ಲಾಸಿನಲ್ಲಿ ಹೇಗಿರುತ್ತೆ ಅಂದರೆ, ಒಬ್ಬರು ಮಗುವಾಗಿ ನೆಲದ ಮೇಲೆ ಕೂತು ಪೆನ್ಸಿಲ್ ಉರುಳಿಸುತ್ತಿರುತ್ತಾರೆ. ಇನ್ನೊಬ್ಬರು ಬಾಗಿಲಲ್ಲೇ ನಿಂತು "ಎಷ್ಟು ಸಲ ಹೇಳ್ಬೇಕು, ಅದೆಲ್ಲ ಎತ್ತಿಡು, ಪುಸ್ತಕ ತಗೋ, ನೆಟ್ಟಗೆ ಕೂತ್ಕೋ" ಅಂತಾರೆ. ಆಮೇಲೆ ಅದನ್ನೇ ಇನ್ನೊಂದು ಥರ. ಹತ್ತಿರ ಹೋಗಿ, ಮಗುವಿನ ಎತ್ತರಕ್ಕೆ ಕೂತು, ಹೆಸರು ಕರೆದು, ಒಂದೇ ಮಾತು: "ಗಣಿತದ ಪುಸ್ತಕ ತೆಗಿ." ಅಷ್ಟು ಹೇಳಿ ಐದು ಸೆಕೆಂಡ್ ಬಾಯಿ ಮುಚ್ಚಿಕೊಂಡಿರಬೇಕು. ಆ ಐದು ಸೆಕೆಂಡಲ್ಲೇ ಎಲ್ಲರೂ ಸೋಲೋದು! ಮಗುವಾಗಿ ಕೂತವರನ್ನು ಕೇಳಿ ನೋಡಿ, ಮೊದಲ ಸಲ ಯಾವ ಮಾತು ಕೇಳಿಸಿತು ಅಂದರೆ ಬರೀ ದನಿ ಕೇಳಿಸಿತು ಅಂತಾರೆ.

ಇನ್ನೊಂದು. ಕಿರುಚಾಟಕ್ಕೆ ಬಗ್ಗೋದು ನಿಲ್ಲಿಸಿದ ಮೊದಮೊದಲು ಅದು ಕಮ್ಮಿಯಾಗುವ ಬದಲು ಜಾಸ್ತಿಯಾಗಬಹುದು. ಇದನ್ನು ಯಾರೂ ಮುಂಚೆ ಹೇಳಿರಲ್ಲ, ಅದಕ್ಕೇ ತುಂಬ ಜನ ಅಲ್ಲಿಗೇ ಕೈಬಿಡುತ್ತಾರೆ.

ಒಪ್ಪದವನು
ಎಲ್ಲ ಸರಿ ಮೇಡಂ, ಆದರೆ ಮಗು ಓದಲು ಕೂರಲ್ಲ ಅಂದ ತಕ್ಷಣ ಅಮ್ಮನನ್ನೇ ಯಾಕೆ ಕ್ಲಾಸಿಗೆ ಕಳಿಸೋದು? ಮೊದಲು ಅವನ ಕಣ್ಣು ಕಿವಿ ತೋರಿಸಿದ್ದಾರಾ? ಓದೋದೇ ಕಷ್ಟ ಆಗುತ್ತಿರಬಹುದು. ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಇದ್ದೂ ಓದೋದು ಬರೆಯೋದು ಕಷ್ಟವಾಗುವ ತೊಂದರೆ, ಇರುವ ಮಕ್ಕಳನ್ನು ವರ್ಷಗಟ್ಟಲೆ ಸೋಮಾರಿ ಅಂತ ಬೈಯೋದು ಎಲ್ಲ ಕಡೆ ಇದ್ದದ್ದೇ. ಆಟಕ್ಕೆ, ಊಟಕ್ಕೆ ಹೇಳಿದ ಮಾತು ಕೇಳ್ತಾನೆ, ಪುಸ್ತಕಕ್ಕೆ ಮಾತ್ರ ಹೀಗೆ ಅಂದರೆ ನಾನು ಮೊದಲು ಅದನ್ನೇ ಅನುಮಾನಿಸುತ್ತೇನೆ. ಮತ್ತೆ ಕೆಲಸ ಮುಗಿಸಿ ಸುಸ್ತಾಗಿ ಬರುವವರು, ಸಾಲ ಇರುವವರು, ಒಬ್ಬರೇ ಮಗು ಸಾಕುವವರು ವಾರಕ್ಕೆ ಎರಡು ಗಂಟೆ ಎಲ್ಲಿಂದ ತರಬೇಕು? ಕ್ಲಾಸಿಗೆ ಬರೋದು ಬಿಡುವು ಇರುವವರು, ಬೇಕಾಗಿರೋದು ಬಿಡುವಿಲ್ಲದವರಿಗೆ.

ಗುಂಪು ನಡೆಸುವವಳು
ಕಣ್ಣು, ಕಿವಿ, ಓದಿನ ವಿಷಯ ನೂರಕ್ಕೆ ನೂರು ಒಪ್ಪಿದೆ, ಅದು ಮೊದಲು ಆಗಲಿ. ಬಿಡುವಿನ ವಿಷಯಕ್ಕೆ ಬಂದರೆ, ಅಮೆರಿಕದಲ್ಲಿ 1980ರ ದಶಕದಲ್ಲಿ ಕ್ಯಾರೊಲ್ ಕಂಪ್ಫರ್ ಅನ್ನುವ ಮನಶ್ಶಾಸ್ತ್ರಜ್ಞೆ ಒಂದು ಕಾರ್ಯಕ್ರಮ ಮಾಡಿದರು, ಮಾದಕ ವಸ್ತುವಿನ ಚಟ ಬಿಡಲು ಚಿಕಿತ್ಸೆ ಪಡೆಯುತ್ತಿದ್ದವರ ಮಕ್ಕಳಿಗಾಗಿ. ಮೊದಲ ಗಂಟೆ ದೊಡ್ಡವರು ಒಂದು ಕೋಣೆ, ಮಕ್ಕಳು ಇನ್ನೊಂದು ಕೋಣೆ, ಎರಡನೇ ಗಂಟೆ ಎಲ್ಲರೂ ಒಟ್ಟಿಗೆ. ಇಂಥ ಕಡೆ ಊಟ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆ ಇಟ್ಟರೇನೇ ಜನ ಬರೋದು. ಅದಿಲ್ಲದೆ "ಬೇಕಾದವರು ಬರಲ್ಲ" ಅನ್ನೋದು ನಡೆಸುವವರ ತಪ್ಪು, ಬರದವರದ್ದಲ್ಲ.

ಮೊಮ್ಮಕ್ಕಳ ಅಜ್ಜ
"ಯಾವ ಕ್ಲಾಸಿಗೆ ಹೋಗಿದ್ರು" ಅಂತ ನಾನೂ ಕೇಳಿದ್ದುಂಟು. ಆದರೆ ನಮಗೆ ಮನೆ ತುಂಬ ಜನ ಇದ್ದರಮ್ಮ. ತಮ್ಮ ತಂಗಿಯರನ್ನು ಎತ್ತಿಕೊಂಡೇ ಅರ್ಧ ಕಲಿತಿದ್ದೆವು. ಈಗಿನವರು ಎಷ್ಟೋ ಜನ ಮೊದಲ ಸಲ ಎತ್ತಿಕೊಳ್ಳುವ ಕೂಸು ಅವರದ್ದೇ. ಕಲಿಸೋದು ಅಂದರೆ ಕ್ಲಾಸೇ ಆಗಬೇಕು ಅಂತಲೂ ಇಲ್ಲ. ಸ್ವೀಡನ್ 1979ರಲ್ಲಿ ಮಕ್ಕಳಿಗೆ ಹೊಡೆಯೋದನ್ನು ಕಾನೂನಿನಲ್ಲೇ ನಿಷೇಧಿಸಿತು, ಹಾಗೆ ಮಾಡಿದ ಮೊದಲ ದೇಶ ಅದು. ವಿಷಯ ಎಲ್ಲ ಮನೆಗೂ ಮುಟ್ಟಲಿ ಅಂತ ಹಾಲಿನ ಪ್ಯಾಕೆಟ್ ಮೇಲೇ ಅಚ್ಚು ಹಾಕಿಸಿದರು. ಅಜ್ಜ ಅಜ್ಜಿಯೂ ಓದಲೇಬೇಕಲ್ಲ! ನಿಮ್ಮ ಅತ್ತೆಯವರನ್ನೂ ಒಂದು ದಿನ ಕರೆದುಕೊಂಡು ಹೋಗಿ, ತಿದ್ದೋಕೆ ಅಲ್ಲ, ಅವರಿಗೂ ಹೇಳೋದಿರುತ್ತೆ.

ನಿದ್ದೆಗೆಟ್ಟ ಅಮ್ಮ
ಫೋನ್ ಮಾಡಿ ಕೇಳಿದೆ. ಅಲ್ಲೇ ಅಭ್ಯಾಸ ಮಾಡಿಸ್ತಾರಂತೆ, ಮಕ್ಕಳಿಗೆ ಪಕ್ಕದ ಕೋಣೆಯಲ್ಲಿ ಆಟವಂತೆ. ಕಣ್ಣಿನ ಡಾಕ್ಟರ ಹತ್ತಿರವೂ ಸಮಯ ತಗೊಂಡಿದ್ದೇನೆ. ಇವರು ಬರಲ್ಲ ಅಂದರೆ ನಾನೊಬ್ಬಳೇ ಹೋಗಿ ಏನು ಪ್ರಯೋಜನ?

ಗುಂಪು ನಡೆಸುವವಳು
ಒಬ್ಬರೇ ಹೋದರೂ ಪ್ರಯೋಜನ ಇದೆ. ಆದರೆ ಮನೆಗೆ ಬಂದು ಅವರಿಗೆ ಪಾಠ ಮಾಡಬೇಡಿ, ಮಾಡಿದರೆ ಕೆಲಸ ಕೆಟ್ಟಿತು. ದಿನಕ್ಕೆ ಹತ್ತು ನಿಮಿಷ ಮಗ ಹೇಳಿದ ಆಟ ಆಡಿ. ಅವನೇ ಯಜಮಾನ. ಕಲಿಸೋದು ಬೇಡ, "ಇದು ಯಾವ ಬಣ್ಣ" ಅಂತ ಪರೀಕ್ಷೆ ಬೇಡ, ಫೋನ್ ದೂರ ಇರಲಿ. ಅವನು ಮಾಡೋದನ್ನು ನೋಡಿ ಹಾಗೇ ಹೇಳಿ: "ಓ, ಲಾರಿಯನ್ನ ಸೇತುವೆ ಕೆಳಗೆ ನಿಲ್ಲಿಸಿದೆ." ಇನ್ನೊಂದು ಹತ್ತು ನಿಮಿಷ ನಿಮ್ಮವರಿಗೆ ಬಿಟ್ಟುಕೊಡಿ, ಹೇಗೆ ಆಡಬೇಕು ಅಂತ ಹೇಳಲು ಹೋಗಬೇಡಿ. ಅಲ್ಲಿಂದ ಶುರು ಮಾಡಿ ಕ್ಲಾಸಿಗೆ ತಾನಾಗಿ ಬಂದ ಅಪ್ಪಂದಿರು ಇದ್ದಾರೆ.

ಹಾಂ, ಇದು ನಿಮಗಲ್ಲ, ಓದುವ ಬೇರೆಯವರಿಗೆ: ಮನೆಯಲ್ಲಿ ಹೊಡೆತ, ಭಯ ಇದ್ದರೆ ಗುಂಪು ಕ್ಲಾಸಿನಲ್ಲಿ ಅದನ್ನು ಸರಿಮಾಡಲು ಆಗಲ್ಲ. ಒಬ್ಬ ಆಪ್ತಸಮಾಲೋಚಕರನ್ನು ಬೇರೆಯಾಗಿ ನೋಡಿ.